ಹಳೆಯ ಫಲಕದಿಂದ ಮನುಷ್ಯನವರೆಗೆ: ಹತ್ತೊಂಬತ್ತನೆಯ ಶತಮಾನದ ಮೂಲನಿವಾಸಿ ಚಿತ್ರಗಳನ್ನು ಓದುವ ಕ್ರಮ

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಪ್ರಕೃತಿವಿಜ್ಞಾನಿಗಳು ಬ್ರೆಜಿಲಿನ ಕಾಡಿಗೆ, ಇಂದಿನ ಇಂಡೋನೇಷ್ಯಾ-ಮಲೇಷ್ಯಾ ಸುತ್ತಲಿನ ಮಲಯ ದ್ವೀಪಸಮೂಹಕ್ಕೆ, ದಕ್ಷಿಣ ಅಮೆರಿಕದ ತುತ್ತತುದಿಗೆ, ಮಿಸೌರಿ ನದಿಯ ಬಯಲಿಗೆ ಹೋದರು. ಹಕ್ಕಿ, ಹುಳು, ಗಿಡ, ಕಲ್ಲುಗಳ ಜೊತೆಗೆ ಅಲ್ಲಿನ ಜನರ ಚಿತ್ರಗಳನ್ನೂ ಬರೆದುಕೊಂಡು ಅಥವಾ ಬರೆಸಿಕೊಂಡು ಬಂದರು. ಆ ಚಿತ್ರಗಳು ಇಂದು ನಮ್ಮ ಪಠ್ಯಪುಸ್ತಕಗಳಲ್ಲಿ, ಮುಖಪುಟಗಳಲ್ಲಿ, ಪತ್ರಿಕೆಗಳ ವಿಶೇಷ ಲೇಖನಗಳಲ್ಲಿ ಎಲ್ಲೆಂದರಲ್ಲಿ ಕಾಣಿಸಿಕೊಳ್ಳುತ್ತವೆ. ಹೆಚ್ಚಿನ ವೇಳೆ ಅವುಗಳ ಕೆಳಗೆ ಒಬ್ಬ ವ್ಯಕ್ತಿಯ ಹೆಸರಾಗಲಿ, ಚಿತ್ರಕಾರನ ಹೆಸರಾಗಲಿ, ವರ್ಷವಾಗಲಿ ಇರುವುದಿಲ್ಲ. ಫೋಟೋವನ್ನು ನಂಬುವಷ್ಟೇ ಸಲೀಸಾಗಿ ನಾವು ಅವನ್ನು ನಂಬಿಬಿಡುತ್ತೇವೆ.

ಇಂಥ ಚಿತ್ರವೊಂದು ಕೈಗೆ ಸಿಕ್ಕಾಗ ಅದನ್ನು ಹೇಗೆ ಪರಿಶೀಲಿಸಬೇಕು, ಯಾವ ಕ್ರಮದಲ್ಲಿ ಪ್ರಶ್ನೆ ಕೇಳಬೇಕು, ಕೊನೆಗೆ ಕನ್ನಡದಲ್ಲಿ ಅದರ ಕೆಳಗೆ ಏನೆಂದು ಬರೆಯಬೇಕು ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಎಲ್ಲ ಹಂತಗಳ ಹಿಂದೆ ಇರುವ ತಿಳಿವಳಿಕೆ ಒಂದೇ. ನಮ್ಮ ಕಣ್ಣಿಗೆ ಬೀಳುವ ಫಲಕ, ಅಂದರೆ ಪುಸ್ತಕಕ್ಕಾಗಿ ಅಚ್ಚು ಹಾಕಿದ ಚಿತ್ರ, ಒಬ್ಬರ ಕೆಲಸವಲ್ಲ. ಎದುರು ಕುಳಿತ ಮನುಷ್ಯನಿಗೂ ಅಚ್ಚಾದ ಕಾಗದಕ್ಕೂ ನಡುವೆ ಚಿತ್ರಕಾರ, ಪ್ರತಿ ತೆಗೆದವನು, ಕೆತ್ತನೆಗಾರ, ಬಣ್ಣ ಹಚ್ಚಿದವರು, ಪ್ರಕಾಶಕ ಎಂದು ನಾಲ್ಕೈದು ಕೈಗಳು ದಾಟಿವೆ. ಪ್ರತಿಯೊಂದು ಕೈಯೂ ಏನನ್ನೋ ಸೇರಿಸಿದೆ, ಏನನ್ನೋ ಬಿಟ್ಟಿದೆ. ಆ ಕೈಗಳನ್ನು ಒಂದೊಂದಾಗಿ ಗುರುತಿಸುತ್ತ ಹಿಂದಕ್ಕೆ ನಡೆದರೆ ಮಾತ್ರ ಆ ಮನುಷ್ಯನ ಹತ್ತಿರ ಹೋಗಲು ಸಾಧ್ಯ.

ಉದಾಹರಣೆಗೆ ಮೂರು ಪ್ರವಾಸಗಳನ್ನು ಹೆಚ್ಚಾಗಿ ಬಳಸಿಕೊಂಡಿದ್ದೇನೆ. ಜರ್ಮನಿಯ ರಾಜಕುಮಾರ ಮ್ಯಾಕ್ಸಿಮಿಲಿಯನ್ ಫೋನ್ ವೀಡ್ 1832ರಿಂದ 1834ರವರೆಗೆ ಸ್ವಿಸ್ ಚಿತ್ರಕಾರ ಕಾರ್ಲ್ ಬೋಡ್ಮರ್‌ನೊಂದಿಗೆ ಉತ್ತರ ಅಮೆರಿಕದಲ್ಲಿ ಕೈಗೊಂಡ ಪ್ರವಾಸ ಮೊದಲನೆಯದು. ಕ್ಯಾಪ್ಟನ್ ಫಿಟ್ಜ್‌ರಾಯ್ ನಡೆಸಿದ, ಯುವಕ ಡಾರ್ವಿನ್ ಇದ್ದ ಬೀಗಲ್ ಹಡಗಿನ 1831–36ರ ಯಾನ ಎರಡನೆಯದು. ಆಲ್ಫ್ರೆಡ್ ರಸೆಲ್ ವಾಲೇಸ್ 1854ರಿಂದ 1862ರವರೆಗೆ ಮಲಯ ದ್ವೀಪಸಮೂಹದಲ್ಲಿ ನಡೆಸಿದ ಸಂಗ್ರಹಯಾತ್ರೆ ಮೂರನೆಯದು.

ಹಂತ 1: ಚಿತ್ರ ಯಾವ ಪುಸ್ತಕದ ಯಾವ ಆವೃತ್ತಿಯದು ಎಂದು ಪತ್ತೆ ಮಾಡಿ

ಅಂತರ್ಜಾಲದಲ್ಲಿ ಸಿಕ್ಕ ಬಿಡಿ ಚಿತ್ರವನ್ನು ಇಟ್ಟುಕೊಂಡು ಮುಂದೆ ಹೋಗಬೇಡಿ. ಮೊದಲು ಅದು ಇದ್ದ ಪುಸ್ತಕಕ್ಕೆ ಅದನ್ನು ಮರಳಿಸಿ. ಚಿತ್ರಹುಡುಕಾಟದ ಸೌಲಭ್ಯದಿಂದ ಪುಸ್ತಕದ ಹೆಸರು ತಿಳಿದರೆ, ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಥವಾ ಇಂಟರ್ನೆಟ್ ಆರ್ಕೈವ್‌ನಲ್ಲಿ ಇಡೀ ಪುಸ್ತಕವನ್ನೇ ಪುಟಪುಟವಾಗಿ ತೆರೆದು ನೋಡಬಹುದು. ಡಾರ್ವಿನ್ ಮತ್ತು ವಾಲೇಸ್ ಬರಹಗಳಿಗೆ ಡಾರ್ವಿನ್ ಆನ್‌ಲೈನ್, ವಾಲೇಸ್ ಆನ್‌ಲೈನ್ ಎಂಬ ಪ್ರತ್ಯೇಕ ಸಂಗ್ರಹಗಳೇ ಇವೆ. ಇವೆಲ್ಲ ಉಚಿತ. ಶೀರ್ಷಿಕೆ ಪುಟ, ಪ್ರಕಟವಾದ ವರ್ಷ, ಸಂಪುಟ, ಫಲಕದ ಸಂಖ್ಯೆ, ಎದುರು ಪುಟದ ಸಂಖ್ಯೆ ಇಷ್ಟನ್ನು ಬರೆದಿಟ್ಟುಕೊಳ್ಳಿ.

ಆವೃತ್ತಿಯ ಬಗ್ಗೆ ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಡಾರ್ವಿನ್‌ನ ಪ್ರವಾಸಕಥನಕ್ಕೆ 1890ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನ ಚಿತ್ರಸಹಿತ ಆವೃತ್ತಿಯೊಂದನ್ನು ತಂದಿತು. ಅದರ ಚಿತ್ರಕಾರ ಆರ್. ಟಿ. ಪ್ರಿಚೆಟ್ ಬೀಗಲ್ ಹಡಗಿನಲ್ಲಿ ಇರಲೇ ಇಲ್ಲ. ಹಡಗು ಇಂಗ್ಲೆಂಡಿಗೆ ಮರಳಿ ಆಗಲೇ 54 ವರ್ಷ ಕಳೆದಿದ್ದವು, ಡಾರ್ವಿನ್ 1882ರಲ್ಲೇ ತೀರಿಕೊಂಡಿದ್ದ. ಹಾಗಿದ್ದರೂ ಆ ಆವೃತ್ತಿಯ ಚಿತ್ರಗಳನ್ನು 'ಡಾರ್ವಿನ್ ಕಂಡ ದೃಶ್ಯ' ಎಂದು ಧಾರಾಳವಾಗಿ ಬಳಸಲಾಗುತ್ತದೆ. ಆವೃತ್ತಿಯ ವರ್ಷ ನೋಡಿದವರು ಈ ತಪ್ಪನ್ನು ಮಾಡುವುದಿಲ್ಲ.

ಹಂತ 2: ಫಲಕದ ಅಂಚಿನ ಸಣ್ಣ ಅಕ್ಷರಗಳನ್ನು ಓದಿ

ಫಲಕದ ಚೌಕಟ್ಟಿನ ಕೆಳಗೆ ಎಡಮೂಲೆಯಲ್ಲಿ ಒಂದು ಹೆಸರು, ಬಲಮೂಲೆಯಲ್ಲಿ ಇನ್ನೊಂದು ಹೆಸರು ಸಾಮಾನ್ಯವಾಗಿ ಇರುತ್ತದೆ. ಎಡಗಡೆಯ ಹೆಸರಿನ ಮುಂದೆ 'ಡೆಲ್.' ಎಂದಿದ್ದರೆ ಆತ ಚಿತ್ರ ಬರೆದವನು. 'ಪಿಂಕ್ಸ್.' ಎಂದಿದ್ದರೆ ಬಣ್ಣದಲ್ಲಿ ಬರೆದವನು. ಬಲಗಡೆ 'ಸ್ಕಲ್ಪ್.' ಅಥವಾ ಬರೀ 'ಎಸ್‌ಸಿ.' ಎಂದಿದ್ದರೆ ಹಲಗೆಯ ಮೇಲೆ ಕೆತ್ತಿದವನು. 'ಲಿತ್.' ಎಂದರೆ ಕಲ್ಲಿನ ಮೇಲೆ ಬರೆದವನು, 'ಇಂಪ್.' ಎಂದರೆ ಅಚ್ಚು ಹಾಕಿದವನು. 'ಆಡ್ ನ್ಯಾಟ್.' ಎಂಬ ಲ್ಯಾಟಿನ್ ಸಂಕ್ಷೇಪ ಕಂಡರೆ ಎದುರಿಗಿದ್ದುದನ್ನು ನೋಡಿಯೇ ಬರೆದದ್ದು ಎಂಬ ದಾವೆ ಅದು. ದಾವೆ ಎಂದೇ ಗುರುತು ಹಾಕಿಕೊಳ್ಳಿ, ಪುರಾವೆ ಎಂದು ಅಲ್ಲ.

ಬೀಗಲ್ ಯಾನದ ವರದಿ 1839ರಲ್ಲಿ ಪ್ರಕಟವಾಯಿತು. ಅದರ ಎರಡನೆಯ ಸಂಪುಟದಲ್ಲಿ ದಕ್ಷಿಣ ಅಮೆರಿಕದ ತುತ್ತತುದಿಯ ದ್ವೀಪಗಳಾದ ತಿಯೆರಾ ದೆಲ್ ಫುವೆಗೋದ ಜನರ ಆರು ಮುಖಗಳಿರುವ ಒಂದು ಫಲಕವಿದೆ. ಅದನ್ನು ಬರೆದವನು ಸ್ವತಃ ಫಿಟ್ಜ್‌ರಾಯ್, ಕೆತ್ತಿದವನು ಥಾಮಸ್ ಲ್ಯಾಂಡ್‌ಸೀರ್. ಈ ಲ್ಯಾಂಡ್‌ಸೀರ್ ತನ್ನ ತಮ್ಮ ಎಡ್ವಿನ್‌ನ ಪ್ರಾಣಿಚಿತ್ರಗಳನ್ನು ಕೆತ್ತಿ ಹೆಸರಾದವನು, ಆ ದ್ವೀಪಗಳನ್ನು ಕಂಡವನಲ್ಲ. ಕೂದಲಿನ ಎಳೆ, ಕೆನ್ನೆಯ ನೆರಳು, ಹುಬ್ಬಿನ ಗಂಟು ಇವೆಲ್ಲ ಕೊನೆಗೆ ಮೂಡಿದ್ದು ಲಂಡನ್ನಿನಲ್ಲಿ ಕುಳಿತಿದ್ದ ಅವನ ಉಳಿಯಿಂದ. ಮುಖದ ಭಾವದ ಬಗ್ಗೆ ಏನನ್ನಾದರೂ ಹೇಳುವ ಮೊದಲು ಇದು ನೆನಪಿರಬೇಕು.

ಹಂತ 3: ಅಚ್ಚಿನ ವಿಧಾನವನ್ನು ಭೂತಗನ್ನಡಿಯಲ್ಲಿ ಗುರುತಿಸಿ

ಮೂಲ ಫಲಕ ಕೈಗೆ ಸಿಕ್ಕರೆ ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಸಾಕು. ಸ್ಕ್ಯಾನ್ ಆದರೆ ಸಿಗುವ ಅತಿ ದೊಡ್ಡ ಕಡತವನ್ನು ಇಳಿಸಿಕೊಂಡು ಹಿಗ್ಗಿಸಿ ನೋಡಿ.

ಮರಗೆತ್ತನೆಯಲ್ಲಿ ಬಾಕ್ಸ್ ಎಂಬ ಜಾತಿಯ ಮರದ ಅಡ್ಡ ಕೊಯ್ದ ಗಟ್ಟಿ ಮುಖದ ಮೇಲೆ ಕೆತ್ತುತ್ತಾರೆ. ಕೆತ್ತಿದ ಜಾಗ ಬಿಳಿಯಾಗಿ, ಉಳಿದ ಉಬ್ಬು ಕಪ್ಪಾಗಿ ಅಚ್ಚಾಗುತ್ತದೆ. ಅಚ್ಚಿನ ಮೊಳೆಗಳಂತೆ ಇದೂ ಉಬ್ಬು ಆದ್ದರಿಂದ ಬರಹದ ನಡುವೆಯೇ, ಅದೇ ಪುಟದಲ್ಲಿ ಕೂರುತ್ತದೆ. ತಾಮ್ರದ ಅಥವಾ ಉಕ್ಕಿನ ಹಲಗೆಯಲ್ಲಿ ಗೀರಿದ ತಗ್ಗಿನೊಳಗೆ ಮಸಿ ತುಂಬಿ ಒದ್ದೆ ಕಾಗದವನ್ನು ಬಿಗಿಯಾಗಿ ಒತ್ತುತ್ತಾರೆ. ಅಂಚಿನ ಸುತ್ತ ಹಲಗೆ ಒತ್ತಿದ ಗುರುತು ಬೆರಳಿಗೆ ತಗಲುತ್ತದೆ. ಇದಕ್ಕೆ ಬೇರೆಯೇ ಯಂತ್ರ, ಬೇರೆ ಕಾಗದ ಬೇಕಾದ್ದರಿಂದ ಫಲಕವನ್ನು ಪ್ರತ್ಯೇಕವಾಗಿ ಹಾಕಿ ಪುಸ್ತಕಕ್ಕೆ ಸೇರಿಸುತ್ತಿದ್ದರು. ಇಂಥ ಫಲಕಗಳನ್ನೇ ವ್ಯಾಪಾರಿಗಳು ಪುಸ್ತಕದಿಂದ ಕತ್ತರಿಸಿ ಚೌಕಟ್ಟು ಹಾಕಿ ಮಾರಿದ್ದು, ಹಾಗಾಗಿ ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಆದದ್ದು. ಬೋಡ್ಮರ್‌ನ ಫಲಕಗಳು ಅಕ್ವಾಟಿಂಟ್ ವಿಧಾನದವು. ರಾಳದ ಪುಡಿಯನ್ನು ಹಲಗೆಯ ಮೇಲೆ ಉದುರಿಸಿ ಆಮ್ಲದಲ್ಲಿ ತಿನ್ನಿಸಿದಾಗ ಬರುವ ನವಿರಾದ ಜಾಲದಂಥ ನೆರಳು ಅವುಗಳಲ್ಲಿ ಕಾಣುತ್ತದೆ.

ಕಲ್ಲಚ್ಚು ಕನ್ನಡಿಗರಿಗೆ ಹೊಸದಲ್ಲ. 1843ರ 'ಮಂಗಳೂರ ಸಮಾಚಾರ' ಅಚ್ಚಾದದ್ದು ಹೀಗೆಯೇ. ಜಿಡ್ಡಿನ ಕಡ್ಡಿಯಿಂದ ಕಲ್ಲಿನ ಮೇಲೆ ಎಳೆದ ಗೆರೆಯ ಒರಟು ಕಣಗಳು ಹಾಗೆಯೇ ಕಾಗದಕ್ಕೆ ಇಳಿಯುತ್ತವೆ, ಹಲಗೆಯ ಒತ್ತುಗುರುತು ಇರುವುದಿಲ್ಲ. ಇನ್ನು ಸಾಲಾಗಿ ಜೋಡಿಸಿದ ಚುಕ್ಕೆಗಳು ಕಂಡರೆ ಅದು ಹಾಫ್‌ಟೋನ್, ಅಂದರೆ ಚಿತ್ರವನ್ನು ಚುಕ್ಕೆಗಳಾಗಿ ಒಡೆದು ಅಚ್ಚು ಹಾಕುವ ವಿಧಾನ. ಪುಸ್ತಕಗಳಲ್ಲಿ ಇದು ವ್ಯಾಪಕವಾದದ್ದು 1880ರ ದಶಕದಿಂದ ಈಚೆಗೆ. '1830ರ ಮೂಲ ಫಲಕ' ಎಂದು ಯಾರಾದರೂ ತೋರಿಸಿದ ಕಾಗದದಲ್ಲಿ ಈ ಚುಕ್ಕೆಗಳಿದ್ದರೆ ಅದು ನಂತರದ ಮರುಮುದ್ರಣ ಎಂಬುದರಲ್ಲಿ ಅನುಮಾನ ಬೇಡ.

ಈ ತಾಂತ್ರಿಕ ವಿವರದಿಂದ ನೇರವಾಗಿ ಎರಡು ಎಚ್ಚರಿಕೆಗಳು ಹುಟ್ಟುತ್ತವೆ. ಹಲಗೆಯ ಮೇಲೆ ಬರೆದದ್ದು ಕಾಗದದ ಮೇಲೆ ಎಡಬಲ ತಿರುಗುಮುರುಗಾಗಿ ಬರುತ್ತದೆ. ಕೆತ್ತನೆಗಾರ ಮೊದಲೇ ತಿರುಗಿಸಿ ಕೆತ್ತಿರದಿದ್ದರೆ ಬಲಗೈಯ ಈಟಿ ಎಡಗೈಗೆ ಹೋಗುತ್ತದೆ, ಮುಖದ ಎಡ ಅರ್ಧಕ್ಕೆ ಹಚ್ಚಿದ ಬಣ್ಣ ಬಲ ಅರ್ಧಕ್ಕೆ ಹೋಗುತ್ತದೆ. ಎರಡನೆಯದಾಗಿ, ಆ ಕಾಲದ ಬಣ್ಣದ ಪ್ರತಿಗಳಿಗೆ ಬಹುಪಾಲು ಕೈಯಲ್ಲೇ ಬಣ್ಣ ಹಾಕುತ್ತಿದ್ದರು. ಮೈಬಣ್ಣ, ಗರಿಯ ಬಣ್ಣ, ಬಟ್ಟೆಯ ಬಣ್ಣ ಪ್ರತಿಯಿಂದ ಪ್ರತಿಗೆ ಬದಲಾಗಬಹುದು. ಒಂದೇ ಪ್ರತಿ ನೋಡಿ ಬಣ್ಣದ ಬಗ್ಗೆ ತೀರ್ಮಾನಕ್ಕೆ ಬರಬೇಡಿ.

ಹಂತ 4: ಚಿತ್ರಕಾರ ಅಲ್ಲಿದ್ದನೇ ಎಂದು ಕೇಳಿ

ನನ್ನ ಮಟ್ಟಿಗೆ ಇಡೀ ಪರಿಶೀಲನೆಯಲ್ಲಿ ಹೆಚ್ಚು ಫಲ ಕೊಡುವ ಪ್ರಶ್ನೆ ಇದು. ಚಿತ್ರಕಾರ ಆ ಜಾಗದಲ್ಲಿದ್ದು ಆ ಕ್ಷಣವನ್ನು ಕಂಡಿರಬಹುದು. ಜಾಗದಲ್ಲಿದ್ದೂ ಆ ಕ್ಷಣವನ್ನು ಬೇರೆ ಕೋನದಿಂದ ಕಂಡಿರಬಹುದು. ಬೇರೆಯವರ ರೇಖಾಚಿತ್ರವನ್ನೋ ಫೋಟೋವನ್ನೋ ಮುಂದಿಟ್ಟುಕೊಂಡು ಬರೆದಿರಬಹುದು. ಬರೀ ಮಾತು ಕೇಳಿ, ಬರಹ ಓದಿ ಕಲ್ಪಿಸಿಕೊಂಡಿರಲೂಬಹುದು.

ವಾಲೇಸ್‌ನ ಮಲಯ ದ್ವೀಪಸಮೂಹದ ಕಥನ 1869ರಲ್ಲಿ ಎರಡು ಸಂಪುಟಗಳಲ್ಲಿ ಬಂತು. ಮೊದಲ ಸಂಪುಟ ತೆರೆದ ಕೂಡಲೇ ಎದುರಾಗುವ ಚಿತ್ರದಲ್ಲಿ ಒಂದು ಭಾರಿ ಒರಾಂಗುಟಾನ್ ಬೋರ್ನಿಯೋ ದ್ವೀಪದ ಮೂಲನಿವಾಸಿಯಾದ ಒಬ್ಬ ದಯಾಕ್ ಮನುಷ್ಯನ ಮೇಲೆರಗಿದೆ, ಉಳಿದವರು ಆಯುಧ ಎತ್ತಿ ನುಗ್ಗುತ್ತಿದ್ದಾರೆ. ಓದುಗನ ಮನಸ್ಸಿನಲ್ಲಿ ಬೋರ್ನಿಯೋ ಎಂದರೆ ಇದೇ ಎಂದು ಅಚ್ಚೊತ್ತಿಬಿಡುವ ಚಿತ್ರ ಅದು. ಬರೆದವನು ಜೋಸೆಫ್ ವುಲ್ಫ್, ಲಂಡನ್ನಿನಲ್ಲಿ ನೆಲೆಸಿದ್ದ ಜರ್ಮನ್ ಮೂಲದ ಶ್ರೇಷ್ಠ ಪ್ರಾಣಿಚಿತ್ರಕಾರ. ಅವನು ಆ ಘಟನೆಯನ್ನು ಕಂಡಿರಲಿಲ್ಲ. ಕಥನದೊಳಗೆ ಹೋಗಿ ನೋಡಿದರೆ ವಾಲೇಸ್ ಕೂಡ ಅದನ್ನು ಕಂಡಿರಲಿಲ್ಲ ಎಂಬುದು ತಿಳಿಯುತ್ತದೆ. ನದಿಯ ಕೆಳಭಾಗದಲ್ಲಿದ್ದ ದಯಾಕ್ ಮನೆಯವರು ದಡದಲ್ಲಿ ತಾಳೆಯ ಎಳೆ ಚಿಗುರು ತಿನ್ನುತ್ತಿದ್ದ ಪ್ರಾಣಿಯನ್ನು ಕಂಡರು. ಯುವಕರು ಅಡ್ಡಗಟ್ಟಲು ಓಡಿದರು. ಮುಂದಿದ್ದವನು ಈಟಿಯಿಂದ ತಿವಿಯಲು ಹೋದಾಗ ಅದು ಈಟಿಯನ್ನು ಹಿಡಿದು ಅವನ ತೋಳನ್ನು ಕಚ್ಚಿತು. ಹಿಂದಿದ್ದವರು ಅದನ್ನು ಕೊಂದರು. ಇದೆಲ್ಲವನ್ನೂ ವಾಲೇಸ್ ಆ ದಯಾಕರ ಬಾಯಿಂದ ಕೇಳಿ ತಿಳಿದದ್ದು. ಸತ್ತ ಪ್ರಾಣಿ ಅಲ್ಲೇ ಬಿದ್ದಿದೆ ಎಂದು ತಿಳಿದಾಗ ಅದನ್ನು ತಂದುಕೊಟ್ಟರೆ ಇನಾಮು ಕೊಡುತ್ತೇನೆ ಎಂದ.

ಈಗ ಚಿತ್ರವನ್ನು ಮತ್ತೆ ನೋಡಿ. ಘಟನೆಯಲ್ಲಿ ಹೊಟ್ಟೆಪಾಡಿಗೆ ಚಿಗುರು ತಿನ್ನುತ್ತಿದ್ದ ಪ್ರಾಣಿಯನ್ನು ಮನುಷ್ಯರು ಅಟ್ಟಿಸಿಕೊಂಡು ಹೋದರು. ಚಿತ್ರದಲ್ಲಿ ಉಳಿದಿರುವುದು ಕಾದಾಟದ ಒಂದು ತುತ್ತತುದಿ ಮಾತ್ರ. ಹೇಳಿದವರು ದಯಾಕರು, ಬರೆದುಕೊಂಡವನು ವಾಲೇಸ್, ಕಲ್ಪಿಸಿದವನು ವುಲ್ಫ್. ಮೂರು ಬಾಯಿ ದಾಟಿದ ಸಂಗತಿಯನ್ನು 'ವಾಲೇಸ್ ಕಂಡ ದೃಶ್ಯ' ಎಂದು ಕರೆಯುವಂತಿಲ್ಲ. ಅದೇ ವಾಲೇಸ್ ದಯಾಕರ ಪ್ರಾಮಾಣಿಕತೆಯ ಬಗ್ಗೆ, ಅವರ ನಡವಳಿಕೆಯ ಬಗ್ಗೆ ಆದರದಿಂದ ಬರೆದ ಪುಟಗಳು ಆ ಪುಸ್ತಕದಲ್ಲೇ ಇವೆ. ಅವಕ್ಕೆ ಅಂಥ ಮುಖಚಿತ್ರದ ಭಾಗ್ಯ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಅಲ್ಲೇ ಇದ್ದವನ ಚಿತ್ರವಾದರೂ ಕೋನವನ್ನು ಕೇಳಬೇಕು. 1833ರ ಆಗಸ್ಟ್ 28ರಂದು ಮಿಸೌರಿಯ ಮೇಲ್ಭಾಗದಲ್ಲಿದ್ದ ಫೋರ್ಟ್ ಮ್ಯಾಕೆಂಜಿಯ ಹೊರಗೆ ತಂಗಿದ್ದ ಬ್ಲ್ಯಾಕ್‌ಫೂಟ್ ಜನರ ಮೇಲೆ ಅಸಿನಿಬೋಯಿನ್ ಮತ್ತು ಕ್ರೀ ಯೋಧರು ಬೆಳಗಿನ ಜಾವ ದಾಳಿ ಮಾಡಿದರು. ಬೋಡ್ಮರ್ ಮತ್ತು ರಾಜಕುಮಾರ ಆಗ ಕೋಟೆಯೊಳಗಿದ್ದರು. ಆದರೆ ಆ ದಾಳಿಯನ್ನು ತೋರಿಸುವ ಬೋಡ್ಮರ್‌ನ ಫಲಕದಲ್ಲಿ ನಾವು ನಿಂತಿರುವುದು ನೆಲದ ಮೇಲೆ, ಕೈಕೈ ಮಿಲಾಯಿಸಿದವರ ನಡುವೆ. ಆ ಜಾಗದಲ್ಲಿ ಯಾವ ಚಿತ್ರಕಾರನೂ ಪೆನ್ಸಿಲ್ ಹಿಡಿದು ನಿಂತಿರಲು ಸಾಧ್ಯವಿರಲಿಲ್ಲ.

ಹಂತ 5: ಸ್ಥಳದಲ್ಲೇ ಬರೆದ ಚಿತ್ರ ಉಳಿದಿದ್ದರೆ ಎರಡನ್ನೂ ಅಕ್ಕಪಕ್ಕ ಇಡಿ

ಎಲ್ಲ ಪ್ರವಾಸಗಳಿಗೂ ಈ ಅದೃಷ್ಟವಿಲ್ಲ. ಬೋಡ್ಮರ್ ವಿಷಯದಲ್ಲಿ ಇದೆ. ಅವನ ಜಲವರ್ಣಗಳು ಮತ್ತು ರೇಖಾಚಿತ್ರಗಳ ದೊಡ್ಡ ಸಂಗ್ರಹ ನೆಬ್ರಾಸ್ಕದ ಓಮಾಹಾ ನಗರದ ಜೋಸ್ಲಿನ್ ಕಲಾ ಸಂಗ್ರಹಾಲಯದಲ್ಲಿದೆ. ಅವುಗಳಿಂದ ತಯಾರಾದ 81 ಫಲಕಗಳು, 48 ದೊಡ್ಡವು ಮತ್ತು 33 ಚಿಕ್ಕವು, 1839ರಿಂದ 1841ರ ಅವಧಿಯಲ್ಲಿ ಜರ್ಮನಿಯ ಕೋಬ್ಲೆನ್ಜ್‌ನಲ್ಲಿ ಪ್ರಕಟವಾದ ಕಥನದೊಂದಿಗೆ ಹೊರಬಂದವು.

ಅಕ್ಕಪಕ್ಕ ಇಟ್ಟಾಗ ಮೊದಲು ಹಿನ್ನೆಲೆ ನೋಡಿ. ಜಲವರ್ಣದಲ್ಲಿ ಬರೀ ಕಾಗದವಿರುವ ಕಡೆ ಫಲಕದಲ್ಲಿ ಬೆಟ್ಟ, ಮೋಡ, ಡೇರೆ ಬಂದಿರುತ್ತವೆ. ಆಮೇಲೆ ಜನರ ಸಂಖ್ಯೆ ನೋಡಿ. ಒಂಬತ್ತನೆಯ ದೊಡ್ಡ ಫಲಕದಲ್ಲಿ ಡಕೋಟಾ ಮಹಿಳೆಯೊಬ್ಬಳೂ ಅಸಿನಿಬೋಯಿನ್ ಹುಡುಗಿಯೊಬ್ಬಳೂ ಜೊತೆಯಾಗಿ ನಿಂತಿದ್ದಾರೆ. ಅವರಿಬ್ಬರನ್ನು ಬೋಡ್ಮರ್ ಬೇರೆಬೇರೆ ಕಡೆ, ಬೇರೆಬೇರೆಯಾಗಿ ಬರೆದಿದ್ದ. ಆ ಮಹಿಳೆಯ ಚಿತ್ರ ಫೋರ್ಟ್ ಪಿಯರ್‌ನಲ್ಲಿ ಬರೆದದ್ದು. ಅವರು ಒಟ್ಟಿಗೆ ನಿಂತದ್ದು ಯುರೋಪಿನ ತಾಮ್ರದ ಹಲಗೆಯ ಮೇಲೆ ಮಾತ್ರ. ಈ ಫಲಕವನ್ನು ನೋಡಿ ತಾಯಿ ಮಗಳು ಎಂದು ಬರೆಯುವವರಿದ್ದಾರೆ.

ವೀಡ್‌ನ ಹಿಂದಿನ ಪ್ರವಾಸದ ಕಥೆಯೂ ಇದೇ ಬಗೆಯದು. 1815–17ರಲ್ಲಿ ಬ್ರೆಜಿಲಿಗೆ ಹೋದಾಗ ಅವನ ಜೊತೆ ಬೋಡ್ಮರ್‌ನಂಥ ಚಿತ್ರಕಾರ ಇರಲಿಲ್ಲ. ತಾನೇ ಬರೆದ. ಅಚ್ಚಿಗೆ ಕೊಡುವ ಮೊದಲು ಅವನ ಒಡಹುಟ್ಟಿದವರಾದ ಕಾರ್ಲ್ ಮತ್ತು ಲೂಯಿಸ್ ಅವನ್ನು ತಿದ್ದಿ ಮತ್ತೆ ಬರೆದರು. ಮುಂದಿನ ಪ್ರವಾಸಕ್ಕೆ ನುರಿತ ಚಿತ್ರಕಾರನನ್ನು ಸಂಬಳ ಕೊಟ್ಟು ಕರೆದೊಯ್ದದ್ದರ ಹಿನ್ನೆಲೆಯಲ್ಲಿ ಈ ಅನುಭವವಿದೆ.

ವಸ್ತುಗಳು ಉಳಿದಿದ್ದರೆ ಅವನ್ನೂ ಸೇರಿಸಿಕೊಳ್ಳಿ. ವೀಡ್ ಕೊಂಡುತಂದ ನಿಲುವಂಗಿ, ಪಾದರಕ್ಷೆ, ಆಯುಧಗಳಲ್ಲಿ ಹಲವು ಬರ್ಲಿನ್ ಮತ್ತು ಸ್ಟುಟ್‌ಗಾರ್ಟ್ ಸಂಗ್ರಹಾಲಯಗಳಲ್ಲಿವೆ. ಚಿತ್ರದ ಕಸೂತಿ ಸರಿಯೇ ಎಂದು ವಸ್ತುವನ್ನೇ ನೋಡಿ ಹೇಳಬಹುದು.

ಹಂತ 6: ಫಲಕದ ಹಿಂದುಮುಂದಿನ ಬರಹವನ್ನು ಪೂರ್ತಿ ಓದಿ

ಚಿತ್ರದ ಶೀರ್ಷಿಕೆ ಒಂದೇ ಸಾಲಿನದು. ಬರಹದಲ್ಲಿ ಹಲವು ಪುಟಗಳಿರುತ್ತವೆ. ಇದನ್ನು ಒಬ್ಬ ಮನುಷ್ಯನ ಚಿತ್ರದಿಂದಲೇ ತೋರಿಸುತ್ತೇನೆ.

1833–34ರ ಚಳಿಗಾಲವನ್ನು ವೀಡ್ ಮತ್ತು ಬೋಡ್ಮರ್ ಇಂದಿನ ನಾರ್ತ್ ಡಕೋಟಾ ರಾಜ್ಯದಲ್ಲಿದ್ದ ಫೋರ್ಟ್ ಕ್ಲಾರ್ಕ್‌ನಲ್ಲಿ, ಮಂಡನ್ ಜನರ ಹಳ್ಳಿಯ ಮಗ್ಗುಲಲ್ಲಿ ಕಳೆದರು. ಮಸಿ, ಬಣ್ಣ ಎಲ್ಲ ಹೆಪ್ಪುಗಟ್ಟುವಷ್ಟು ಚಳಿ. ಮಂಡನ್ ಮುಖ್ಯಸ್ಥ ಮಾಟೋ-ಟೋಪೆ, ಅಂದರೆ 'ನಾಲ್ಕು ಕರಡಿ', ಅವರ ಕೋಣೆಗೆ ಮತ್ತೆ ಮತ್ತೆ ಬರುತ್ತಿದ್ದ. ಬೋಡ್ಮರ್ ಅವನ ಎರಡು ಪೂರ್ಣ ಚಿತ್ರಗಳನ್ನು ಬರೆದ. ಒಂದು ಗರಿಗಳ ದೊಡ್ಡ ಶಿರೋಭೂಷಣ ತೊಟ್ಟು ಈಟಿ ಹಿಡಿದದ್ದು, ಇನ್ನೊಂದು ಬರಿಮೈಗೆ ಬಣ್ಣ ಬಳಿದುಕೊಂಡದ್ದು. ಏನೂ ತಿಳಿಯದೆ ಎರಡನೆಯದನ್ನು ನೋಡಿದರೆ 'ಬಣ್ಣ ಬಳಿದುಕೊಂಡ ಕಾಡು ಯೋಧ' ಎಂಬುದಷ್ಟೇ ತಲೆಗೆ ಬರುತ್ತದೆ.

ವೀಡ್‌ನ ಬರಹವನ್ನು ಪಕ್ಕದಲ್ಲಿಟ್ಟು ತಲೆಯಿಂದ ಕೆಳಗೆ ಬನ್ನಿ. ಕೂದಲಲ್ಲಿ ಅಂಗೈಯುದ್ದದ ಕೆಂಪು ಮರದ ಚೂರಿಯೊಂದಿದೆ. ಶಯನ್ ಜನರ ಮುಖ್ಯಸ್ಥನನ್ನು ಚೂರಿಯಿಂದ ಕೊಂದದ್ದರ ಗುರುತು ಅದು. ಅದರ ಜೊತೆ ತುದಿಗೆ ಹಿತ್ತಾಳೆ ಮೊಳೆ ಹೊಡೆದ ಆರು ಬಣ್ಣದ ಕಡ್ಡಿಗಳು. ಆತನ ಮೈಗೆ ತಗುಲಿದ ಬಂದೂಕಿನ ಗಾಯಗಳು ಆರು. ಕಾಡು ಟರ್ಕಿ ಹಕ್ಕಿಯ ರೆಕ್ಕೆಗರಿ ಒಂದು ಬಾಣದ ಗಾಯಕ್ಕೆ. ತಲೆಯ ಹಿಂದಿನ ಹಳದಿ ಬಣ್ಣದ ಗೂಬೆಗರಿಯ ಗೊಂಚಲು ಆತ 'ನಾಯಿ' ಎಂಬ ಹೆಸರಿನ ಯೋಧರ ಕೂಟಕ್ಕೆ ಸೇರಿದವನೆಂದು ಹೇಳುತ್ತದೆ. ಮುಖ ಅರ್ಧ ಕೆಂಪು, ಅರ್ಧ ಹಳದಿ. ತೋಳುಗಳ ಮೇಲೆ ಹದಿನೇಳು ಹಳದಿ ಪಟ್ಟೆಗಳು ಅವನ ಯುದ್ಧಸಾಧನೆಗಳ ಲೆಕ್ಕ. ಎದೆಯ ಮೇಲಿನ ಹಳದಿ ಹಸ್ತ ಸೆರೆ ಹಿಡಿದವರ ಗುರುತು. ಮೈಯ ಕಂದುಗೆಂಪಿನ ನಡುವೆ ಕಾಣುವ ಸಣ್ಣ ಗೆರೆಗಳನ್ನು ಒದ್ದೆ ಬೆರಳಿನಿಂದ ಬಣ್ಣ ಒರೆಸಿ ತೆಗೆದದ್ದು ಎಂಬುದನ್ನೂ ವೀಡ್ ದಾಖಲಿಸಿದ್ದಾನೆ.

ಅಲಂಕಾರ ಎಂದು ಕಂಡದ್ದು ಹೀಗೆ ಒಂದು ಜೀವನಚರಿತ್ರೆಯಾಗಿಬಿಡುತ್ತದೆ. ನಮ್ಮ ಊರುಗಳ ವೀರಗಲ್ಲನ್ನು ಓದಬಲ್ಲವರಿಗೆ ಇದು ಪರಿಚಿತ ಅನುಭವ. ಏನನ್ನು ಕೆತ್ತಿದ್ದಾರೆ ಎಂಬುದರ ಅರ್ಥ ಬಲ್ಲವನಿಗೆ ಕಲ್ಲು ಮಾತಾಡುತ್ತದೆ, ಉಳಿದವರಿಗೆ ಅದು ಬರೀ ಕಲ್ಲು. ಚಿತ್ರಕ್ಕೆ ಕುಳಿತವನೇ ಏನನ್ನು ತೊಡಬೇಕು, ಏನನ್ನು ಬಳಿದುಕೊಳ್ಳಬೇಕು ಎಂದು ನಿರ್ಧರಿಸಿದ್ದಾನೆ ಎಂಬುದನ್ನು ಇಲ್ಲಿ ಗಮನಿಸಬೇಕು. ಆ ಫಲಕಕ್ಕೆ ಬೋಡ್ಮರ್ ಎಷ್ಟು ಕರ್ತೃವೋ ಮಾಟೋ-ಟೋಪೆಯೂ ಅಷ್ಟೇ ಕರ್ತೃ.

ಹಂತ 7: ಆ ಕಾಲದ ಸಿದ್ಧಾಂತ ಚಿತ್ರದಲ್ಲಿ ಎಲ್ಲಿ ಅಡಗಿದೆ ಎಂದು ಹುಡುಕಿ

ವೀಡ್ ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದಲ್ಲಿ ಬ್ಲೂಮನ್‌ಬಾಕ್‌ನ ಶಿಷ್ಯ. ತಲೆಬುರುಡೆಗಳನ್ನು ಕೂಡಿಹಾಕಿ ಮನುಷ್ಯರನ್ನು ಬಗೆಗಳಾಗಿ ವಿಂಗಡಿಸಿದ ವಿದ್ವಾಂಸ ಬ್ಲೂಮನ್‌ಬಾಕ್. ಫಿಟ್ಜ್‌ರಾಯ್ ತಲೆಯ ಉಬ್ಬುತಗ್ಗುಗಳಿಂದ ಗುಣ ಹೇಳುವ ಫ್ರೆನಾಲಜಿಯನ್ನು ನಂಬಿದ್ದವನು, ತಾನು ಕರೆತಂದ ಫುವೆಗೋ ಜನರ ತಲೆಗಳನ್ನು ಆ ವಿದ್ಯೆಯವರಿಂದ ಪರೀಕ್ಷೆ ಮಾಡಿಸಿದವನು. ಹೀಗಾಗಿ ಎದುರುಮುಖ ಮತ್ತು ಪಕ್ಕಮುಖ ಜೋಡಿಯಾಗಿರುವುದು, ಹಿನ್ನೆಲೆ ಇಲ್ಲದಿರುವುದು, ತಲೆ ಮಾತ್ರ ಇರುವುದು, ಹಲವು ಮುಖಗಳು ಸಾಲಾಗಿ ಇರುವುದು ಇವನ್ನು ಕಂಡಾಗಲೆಲ್ಲ ಇದು ವ್ಯಕ್ತಿಯ ಚಿತ್ರವೋ 'ಮಾದರಿ'ಯ ಚಿತ್ರವೋ ಎಂದು ಕೇಳಿಕೊಳ್ಳಿ.

ಆರು ಮುಖಗಳ ಫಲಕಕ್ಕೆ ಮರಳೋಣ. 1830ರಲ್ಲಿ, ಬೀಗಲ್‌ನ ಹಿಂದಿನ ಯಾನದ ಕೊನೆಯಲ್ಲಿ, ಫಿಟ್ಜ್‌ರಾಯ್ ನಾಲ್ವರನ್ನು ಇಂಗ್ಲೆಂಡಿಗೆ ಕರೆದೊಯ್ದ. ಒಬ್ಬ ಅಲ್ಲಿ ಸಿಡುಬಿನಿಂದ ಸತ್ತ. ಉಳಿದವರು ಒರುಂಡೆಲಿಕೊ, ಎಲ್ಲೆಪಾರು, ಯೊಕುಶ್ಲು. ಅವರಿಗೆ ಹಡಗಿನವರು ಇಟ್ಟ ಹೆಸರು ಜೆಮ್ಮಿ ಬಟನ್, ಯಾರ್ಕ್ ಮಿನ್‌ಸ್ಟರ್, ಫುವೇಜಿಯಾ ಬಾಸ್ಕೆಟ್. ಒಂದು ಮುತ್ತಿನ ಚಿಪ್ಪಿನ ಗುಂಡಿಗೆ ಬದಲಾಗಿ ಪಡೆದ ಹುಡುಗ ಎಂಬ ಕಾರಣಕ್ಕೆ ಒರುಂಡೆಲಿಕೊ 'ಬಟನ್' ಆದ. 1833ರ ಜನವರಿಯಲ್ಲಿ ಅವರನ್ನು ತಿಯೆರಾ ದೆಲ್ ಫುವೆಗೋದ ವುಲಾಯಾದಲ್ಲಿ ಇಳಿಸಿದರು. 1834ರ ಮಾರ್ಚಿನಲ್ಲಿ ಹಡಗು ಮತ್ತೆ ಅಲ್ಲಿಗೆ ಹೋಯಿತು.

ಫಲಕದಲ್ಲಿ ಜೆಮ್ಮಿಯ ಎರಡು ಮುಖಗಳಿವೆ. 1833ರದು ಒಪ್ಪವಾಗಿ ಬಾಚಿದ ಕೂದಲು, ಕೊರಳಪಟ್ಟಿಯ ಅಂಗಿ. 1834ರದು ಕೆದರಿದ ಉದ್ದಕೂದಲು. ಎರಡನ್ನೂ ಒಂದೇ ಹಾಳೆಯಲ್ಲಿಟ್ಟಾಗ 'ನಾಗರಿಕತೆ ಕಲಿಸಿದೆವು, ಕಳೆದುಕೊಂಡ' ಎಂಬ ವಾದ ಒಂದೂ ಮಾತಿಲ್ಲದೆ ಸಿದ್ಧವಾಗುತ್ತದೆ. ಬರಹ ಇನ್ನೊಂದನ್ನು ಹೇಳುತ್ತದೆ. ಆ 1834ರ ಭೇಟಿಯಲ್ಲಿ ಅವನಿಗೆ ಇಂಗ್ಲೆಂಡಿಗೆ ಮರಳುವ ಮನಸ್ಸು ಕಿಂಚಿತ್ತೂ ಇರಲಿಲ್ಲ. ಅವನಿಗೆ ಮದುವೆಯಾಗಿತ್ತು. ತನ್ನ ಇಬ್ಬರು ಗೆಳೆಯರಿಗೆಂದು ನೀರುನಾಯಿಯ ಎರಡು ಚರ್ಮಗಳನ್ನು, ಕ್ಯಾಪ್ಟನ್‌ಗೆಂದು ಸ್ವಂತ ಕೈಯಾರೆ ಮಾಡಿದ ಈಟಿಮೊನೆ, ಬಾಣಗಳನ್ನು ತಂದಿದ್ದ. ಹಡಗು ಹೊರಟಾಗ ದಡದಲ್ಲಿ ಬೆಂಕಿ ಹಾಕಿ ಬೀಳ್ಕೊಟ್ಟ. ಹೀಗೆ ನಡೆದುಕೊಂಡವನನ್ನು ಸೋತವನೆಂದು ಹೇಗೆ ಕರೆಯುವುದು? ಅವನು ಮನೆಗೆ ಮರಳಿದವನು. ಫಲಕವೊಂದನ್ನೇ ನೋಡಿದವರಿಗೆ ಇದು ಎಂದೂ ತಿಳಿಯುವುದಿಲ್ಲ.

ಹಂತ 8: ಹೆಸರನ್ನೂ ಮುಂದಿನ ಕಥೆಯನ್ನೂ ಹುಡುಕಿ

ಹೊರಗಿನವರು ಇಟ್ಟ ಹೆಸರಿನ ಹಿಂದೆ ಸ್ವಂತ ಹೆಸರು ಸಿಗುವುದೇ ನೋಡಿ. ಜನಾಂಗದ ಹೆಸರಿಗೂ ಇದೇ ನಿಯಮ. 'ಫುವೇಜಿಯನ್' ಎಂಬ ಒಂದೇ ಮಾತಿನಲ್ಲಿ ಯಾಘಾನ್ ಮತ್ತು ಕವೆಸ್ಕರ್ ಎಂಬ ಬೇರೆಬೇರೆ ಭಾಷೆಯ ಜನ ಮುಳುಗಿಹೋಗಿದ್ದರು. ಒರುಂಡೆಲಿಕೊ ಯಾಘಾನ್, ಉಳಿದಿಬ್ಬರು ಕವೆಸ್ಕರ್.

ಚಿತ್ರ ಬರೆದ ದಿನಕ್ಕೆ ಕಥೆ ಮುಗಿಯುವುದಿಲ್ಲ. 1837ರಲ್ಲಿ ಸೇಂಟ್ ಪೀಟರ್ಸ್ ಎಂಬ ಉಗಿದೋಣಿಯೊಂದಿಗೆ ಮಿಸೌರಿಯ ದಡಕ್ಕೆ ಸಿಡುಬು ಬಂತು. ಸುಮಾರು 1,600 ಜನರಿದ್ದ ಮಂಡನ್ ಸಮುದಾಯದಲ್ಲಿ ಉಳಿದವರು ನೂರೈವತ್ತರ ಒಳಗೆ. ಮಾಟೋ-ಟೋಪೆ ಆ ಜುಲೈ 30ರಂದು ತೀರಿಕೊಂಡ. ಅಂದರೆ ವೀಡ್‌ನ ಕಥನ ಅಚ್ಚಾಗಿ ಹೊರಬರುವ ಮೊದಲೇ ಅದರೊಳಗಿನ ಮುಖಗಳಲ್ಲಿ ಬಹುಪಾಲು ಮಣ್ಣಾಗಿದ್ದವು. ಆದರೆ 'ಮಂಡನರು ನಿರ್ನಾಮವಾದರು' ಎಂದು ಬರೆಯಬೇಡಿ. ಅವರ ವಂಶದವರು ಹಿದಾತ್ಸಾ ಮತ್ತು ಅರಿಕಾರಾ ಜನರೊಂದಿಗೆ ನಾರ್ತ್ ಡಕೋಟಾದ ಫೋರ್ಟ್ ಬರ್ತೋಲ್ಡ್‌ನಲ್ಲಿ ಇಂದಿಗೂ ಇದ್ದಾರೆ. ಈ ಚಿತ್ರಗಳು ಅವರಿಗೆ ಅಜ್ಜಂದಿರ ಚಿತ್ರಗಳು.

ಬ್ರೆಜಿಲಿನಿಂದ ವೀಡ್ ಜೊತೆಗೆ ಬೊಟೊಕುಡೊ ಜನರ ಕ್ವೆಕ್ ಎಂಬವನು ಜರ್ಮನಿಗೆ ಬಂದ. ನಾಯ್‌ವೀಡ್ ಅರಮನೆಯಲ್ಲಿ ಬದುಕಿ 1834ರಲ್ಲಿ ಅಲ್ಲೇ ಸತ್ತ. ಅವನ ತಲೆಬುರುಡೆ ಬಾನ್ ವಿಶ್ವವಿದ್ಯಾಲಯದ ಅಂಗರಚನಾ ಸಂಗ್ರಹಕ್ಕೆ ಸೇರಿತು. ಅದು ಬ್ರೆಜಿಲಿಗೆ ಮರಳಿದ್ದು 2011ರಲ್ಲಿ. ಕ್ವೆಕ್‌ನ ಚಿತ್ರದ ಕೆಳಗೆ ಇಷ್ಟನ್ನು ಬರೆಯದೆ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ಹಂತ 9: ಕನ್ನಡದಲ್ಲಿ ಅಡಿಬರಹ ಬರೆಯಿರಿ

ಮೂಲ ಶೀರ್ಷಿಕೆಯ ಪದಗಳನ್ನು 'ಕಾಡುಜನ', 'ಅನಾಗರಿಕ', 'ಆದಿಮಾನವ' ಎಂದು ತಂದರೆ ಹಳೆಯ ತೀರ್ಪನ್ನು ನಾವೇ ಮತ್ತೆ ಕೊಟ್ಟಂತಾಗುತ್ತದೆ. ಚರಿತ್ರೆಯ ದೃಷ್ಟಿಯಿಂದ ಮೂಲ ಶೀರ್ಷಿಕೆ ಬೇಕೇ ಇದ್ದರೆ ಉದ್ಧರಣ ಚಿಹ್ನೆಯೊಳಗೆ 'ಅಂದಿನ ಶೀರ್ಷಿಕೆ' ಎಂದು ಕೊಡಿ. 'ಇಂಡಿಯನ್' ಎಂಬುದನ್ನು ಹಾಗೆಯೇ ಬಿಟ್ಟರೆ ಕನ್ನಡ ಓದುಗನಿಗೆ ಗೊಂದಲವಾಗುತ್ತದೆ, ಸಮುದಾಯದ ಹೆಸರನ್ನೇ ಹಾಕಿ. ಅಡಿಬರಹ ಹೀಗಿರಬಹುದು: 'ಮಾಟೋ-ಟೋಪೆ, ಮಂಡನ್ ಮುಖ್ಯಸ್ಥ. ಯುದ್ಧಸಾಧನೆಯ ಗುರುತುಗಳೊಂದಿಗೆ. ಫೋರ್ಟ್ ಕ್ಲಾರ್ಕ್, 1833–34ರ ಚಳಿಗಾಲ. ಕಾರ್ಲ್ ಬೋಡ್ಮರ್ ಜಲವರ್ಣ ಆಧರಿಸಿದ ಅಕ್ವಾಟಿಂಟ್ ಫಲಕ, ಕೋಬ್ಲೆನ್ಜ್, 1839–41.' ವುಲ್ಫ್‌ನ ಚಿತ್ರಕ್ಕಾದರೆ 'ದಯಾಕರು ಹೇಳಿದ ಘಟನೆಯನ್ನು ಆಧರಿಸಿ ಲಂಡನ್ನಿನಲ್ಲಿ ಕಲ್ಪಿಸಿ ಬರೆದದ್ದು' ಎಂಬ ಮಾತು ಸೇರಲೇಬೇಕು.

ಕೆಲವು ಚಿತ್ರಗಳನ್ನು ಪ್ರಕಟಿಸದಿರುವುದೇ ಸರಿ. 1865–66ರಲ್ಲಿ ಪ್ರಕೃತಿವಿಜ್ಞಾನಿ ಲೂಯಿ ಅಗಾಸಿ ಬ್ರೆಜಿಲಿಗೆ ಹೋದಾಗ ಮನೌಸ್ ನಗರದಲ್ಲಿ ಜನರನ್ನು ಬೆತ್ತಲೆಯಾಗಿ ನಿಲ್ಲಿಸಿ ಜನಾಂಗದ 'ಮಾದರಿ'ಗಳೆಂದು ಫೋಟೋ ತೆಗೆಸಿದ. ಅವುಗಳ ಬಗ್ಗೆ ಬರೆಯಲು ಅವನ್ನು ಮತ್ತೆ ತೋರಿಸಬೇಕಾಗಿಲ್ಲ.

ಹಂತ 10: ಎದುರು ಚಿತ್ರ ಇದೆಯೇ ನೋಡಿ

ಮೂಲನಿವಾಸಿಗಳು ತಾವೇ ಬರೆದ ಚಿತ್ರ ಅದೇ ಕಾಲದ್ದು, ಅದೇ ಜಾಗದ್ದು ಉಳಿದಿದ್ದರೆ ಅದಕ್ಕಿಂತ ದೊಡ್ಡ ನೆರವು ಇನ್ನಿಲ್ಲ. ಮಾಟೋ-ಟೋಪೆ ಸ್ವತಃ ಚಿತ್ರಕಾರ. ಕಾಡೆಮ್ಮೆಯ ಚರ್ಮದ ಮೇಲೆ ತನ್ನ ಕಾಳಗಗಳನ್ನು ಬರೆಯುತ್ತಿದ್ದ. ಆ ಚಳಿಗಾಲದಲ್ಲಿ ಬೋಡ್ಮರ್ ಕೊಟ್ಟ ಕಾಗದ ಮತ್ತು ಜಲವರ್ಣದಿಂದ ಶಯನ್ ಮುಖ್ಯಸ್ಥನೊಂದಿಗಿನ ದ್ವಂದ್ವವನ್ನು ಬರೆದ. ಎದುರಾಳಿಯ ಚೂರಿಯ ಅಲಗನ್ನೇ ಕೈಯಲ್ಲಿ ಹಿಡಿದಿದ್ದಾನೆ, ಅಂಗೈಯಿಂದ ರಕ್ತ ಸುರಿಯುತ್ತಿದೆ. ಬೋಡ್ಮರ್‌ನ ಫಲಕದಲ್ಲಿ ಅವನ ಕೂದಲಲ್ಲಿ ಸಿಕ್ಕಿಸಿದ ಆ ಕೆಂಪು ಮರದ ಚೂರಿ ನೆನಪಿಸುವುದು ಇದೇ ಚೂರಿಯನ್ನು. ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ಚೂರಿಯಿಂದ ಚೂರಿಗೆ ಕಣ್ಣು ಹಾಯಿಸಿ. ಮಾಟೋ-ಟೋಪೆಯ ಚಿತ್ರವೂ ವೀಡ್‌ನ ಫಲಕಗಳ ಸಂಪುಟದಲ್ಲಿ 22ನೆಯ ದೊಡ್ಡ ಫಲಕವಾಗಿ ಅಚ್ಚಾಗಿದೆ. ಅದರ ಶೀರ್ಷಿಕೆಯಲ್ಲಿ ಅದನ್ನು 'ಇಂಡಿಯನ್ ಚಿತ್ರವೊಂದರ ಪ್ರತಿಕೃತಿ' ಎಂದಷ್ಟೇ ಕರೆದಿದ್ದಾರೆ. ನೀವು ಕನ್ನಡದಲ್ಲಿ ಅದನ್ನು ಬಳಸುವಾಗ ಮೊದಲ ಪದವಾಗಿ ಬರೆದವನ ಹೆಸರನ್ನು ಹಾಕಿ.